ಆರರಲ್ಲಿ ಎಷ್ಟು

ನಾಳೆ ಬೆಳಗ್ಗೆ ಹತ್ತಕ್ಕೆ ಅಚ್ಚಿಗೆ ಹೋಗಬೇಕು.
ಆರು ನಕ್ಷತ್ರ ಖಾಲಿ ಬಿಟ್ಟು ಕಳಿಸಿದ್ದಾರೆ,
ಎಷ್ಟಕ್ಕೆ ಮಸಿ ತುಂಬಲಿ ಎಂದು ಕೇಳುತ್ತ.
ಎಸ್‌ಬ್ಯಾರ್ಗ್ ಬಂದರಿನಲ್ಲಿ ನವೆಂಬರ್.
ಸೂರ್ಯ ನಾಲ್ಕಕ್ಕೇ ಬಾಗಿಲು ಹಾಕಿಕೊಂಡಿದ್ದಾನೆ.

ದೊಡ್ಡ ಧಾರಾವಾಹಿ ನಿಮಗೆ ನೆನಪಿದ್ದೇ ಇದೆ:
'ಉತ್ತರದ ಕಟ್ಟೆ'. ನಾಲ್ಕು ಸೀಸನ್, ನಲವತ್ತು ಕಂತು.
ಆ ಭಾನುವಾರಗಳ ಸಂಜೆ ಬೀದಿಯೆಲ್ಲ ಬರಿದು,
ಫಾನೋ ದ್ವೀಪಕ್ಕೆ ಹೋಗುವ ಎಂಟರ ದೋಣಿಯಲ್ಲಿ
ಟಿಕೆಟ್ ಹರಿಯುವವ ಒಬ್ಬನೇ.
ಕೊನೆಯ ಕಂತಿನಲ್ಲಿ ಇನ್‌ಸ್ಪೆಕ್ಟರ್ ರಿಗ್ಮೋರ್
ಇಳಿತದ ಕೆಸರಿನಂಚಿಗೆ ಬೂಟು ಬಿಚ್ಚಿಟ್ಟು
ನಡೆದಳು, ನಡೆದೇ ನಡೆದಳು.
ಕ್ಯಾಮೆರಾ ಕದಲಲಿಲ್ಲ. ಭರತ ಬಂತು.
ಅಷ್ಟೇ. ಸಂಗೀತವೂ ಇರಲಿಲ್ಲ.
ಮರುದಿನ ಬೇಕರಿಯಲ್ಲಿ ಯಾರೂ ಮಾತಾಡಲಿಲ್ಲ,
ಸಾವಾದ ಮನೆಯಲ್ಲಿ ಹಿಟ್ಟು ಕಲೆಸಿದ ಹಾಗೆ.

ಈ ಕುರ್ಚಿಯಲ್ಲಿ ಆಗ ಪ್ರೆಬೆನ್ ಕೂರುತ್ತಿದ್ದ.
ಆರಕ್ಕಾರು ಕೊಟ್ಟ. 'ಏಳನೆಯದು ಇಲ್ಲವಲ್ಲ' ಎಂದು ಬರೆದ.
ಜನ ಆ ಸಾಲು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿಕೊಂಡರು.
ನಾನು ಬಂದು ಒಂಬತ್ತು ವರ್ಷ. ಇಂದಿಗೂ
ಮೀನು ತೂಗುತ್ತ ಕೇಳುತ್ತಾಳೆ ಅಂಗಡಿಯ ಬೊಡಿಲ್:
'ಪ್ರೆಬೆನ್ ಆಗಿದ್ದರೆ ಏನೆನ್ನುತ್ತಿದ್ದ, ವಿಬೆಕೆ?'

ಈಗ ಅದರಿಂದೊಂದು ಕವಲು. ಹೆಸರು 'ಬೆಂಟೆ'.
ಠಾಣೆಯ ಕ್ಯಾಂಟೀನಿನಲ್ಲಿ ಕಾಫಿ ಬಗ್ಗಿಸುತ್ತಿದ್ದವಳು.
ನಲವತ್ತು ಕಂತಿಗೆ ಹನ್ನೊಂದು ಮಾತು ಅವಳಿಗೆ
(ಎಣಿಸಿದ್ದೇನೆ, ನನ್ನ ಕಸುಬೇ ಅದು),
ಅದರಲ್ಲಿ ಐದು, 'ಹಾಲು ಬೇಕಾ?'

ಆರೂ ಕಂತು ಒಂದೇ ಪಟ್ಟಿಗೆ ನೋಡಿದೆ
ತಕ್ಕಡಿಯನ್ನು ಮಡಿಲಲ್ಲಿಟ್ಟುಕೊಂಡು.
ಒಂದು ತಟ್ಟೆಯಲ್ಲಿ ರಿಗ್ಮೋರಳ ಒದ್ದೆ ಬೂಟು ಮೊದಲೇ ಕೂತಿದೆ,
ಇನ್ನೊಂದು ತಟ್ಟೆ, ಏನಿಟ್ಟರೂ, ಮೇಲೆಯೇ.
ಅಕ್ಕನ ಕೋಟು ತಂಗಿಗೆ ತೊಡಿಸಿದಂತೆ
ತೋಳು ಉದ್ದ, ಗುಂಡಿ ಸಡಿಲ,
ಕಿಸೆಗೆ ಕೈ ಹಾಕಿದರೆ ಅಕ್ಕನ ಟಿಕೆಟ್ಟಿನ ಚೂರು.
ಅದೇ ದೀಪದ ಕಂಬ, ಅದೇ ಮಂಜು,
ಸುಮ್ಮಸುಮ್ಮನೆ ಗೋಡೆಯಲ್ಲಿ ರಿಗ್ಮೋರಳ ಫೋಟೋ,
ಯಾರೂ ಕೇಳದೆಯೇ ಅಳುವ ಪಿಟೀಲು.
ಬರೆದುಕೊಂಡೆ: ಎರವಿನ ಒಡವೆ. ಎರಡು.

ಹೆಸರುಗಳ ಕಾಗುಣಿತ ನೋಡಲೆಂದು
ಮೊದಲ ಕಂತು ಮತ್ತೆ ಹಾಕಿದ್ದೆ. ಬಾಗಿಲು ತಟ್ಟಿದ
ಮೇಲಿನ ಮನೆಯ ಐವಿನ್, ಏಣಿ ಕೇಳಲು.
ಮೂವತ್ತೆರಡು ವರ್ಷ ದೋಣಿಯಲ್ಲಿ ಟಿಕೆಟ್ ಹರಿದವ,
ಭಾನುವಾರದ ಪಾಳಿ ಸದಾ ಅವನದೇ.
ಆ ಬರಿದು ದೋಣಿ, ಹೇಳಿದೆನಲ್ಲ.
'ಉತ್ತರದ ಕಟ್ಟೆ' ನೋಡದವನು ಊರಿಗೊಬ್ಬನೇ.
ಏಣಿ ಮರೆತು ಸೋಫಾದ ತುದಿಗೆ ಕೂತ.

ತೆರೆಯ ಮೇಲೆ ಬೆಂಟೆ. ನಿವೃತ್ತಿಯ ಮೊದಲ ಸೋಮವಾರ
ಕೈಯ ರೂಢಿಗೆ ಮೂವತ್ತು ಲೋಟ ಕಾಫಿ ಕಾಯಿಸಿ
ನಿಂತಿದ್ದಾಳೆ. ಅದು ಒಂದಾಳಿನ ಅಡುಗೆಮನೆ.
ಒಂದು ಲೋಟ ಕುಡಿದಳು. ಉಳಿದದ್ದನ್ನು
ಚೆಲ್ಲಲಿಲ್ಲ, ನೋಡಿ. ಬಾಟಲಿಗಳಿಗೆ ತುಂಬಿ
ಒಂದೊಂದಕ್ಕೂ ಮುಚ್ಚಳ ಹುಡುಕಿದಳು.
ಮುಚ್ಚಳ ಹುಡುಕುವುದೇ ನಾಲ್ಕು ನಿಮಿಷ.

'ಎಳೆತ' ಎಂದು ಬರೆದಿದ್ದೆ ನಾನು ಅದನ್ನು.
ಐವಿನ್ ನಗುತ್ತಿದ್ದ. ಆಮೇಲೆ ನಗುತ್ತಿರಲಿಲ್ಲ.
ವಿವರಿಸಹೊರಟೆ: ಇವಳು ರಿಗ್ಮೋರಳ ಠಾಣೆಯ...
'ಶ್, ಇರು,' ಎಂದ. 'ನೀಲಿ ಮುಚ್ಚಳ
ಒಲೆಯ ಹಿಂದೆ ಬಿದ್ದಿದೆ. ಅವಳಿಗೆ ಕಾಣುತ್ತಿಲ್ಲ.'

ಹಾಗಂತ ಒಳ್ಳೆಯದೇ ಎಂದೇನಲ್ಲ. ಐದನೆಯ ಕಂತು ದಂಡ,
ಕೊಂದವರು ಯಾರೆಂದು ಬೆಕ್ಕಿಗೂ ಗೊತ್ತು,
ಪಿಟೀಲನ್ನಂತೂ ನಾನು ಮನ್ನಿಸಲಾರೆ.
ಎರಡನ್ನು ಹೊಡೆದು ನಾಲ್ಕು ಮಾಡಿದೆ. ನಾಲ್ಕು ಹೆಚ್ಚಾಯಿತು.
ಪ್ರೆಬೆನನ ಹಳೆಯ ಕಡತ ತೆಗೆದೆ:
ನಲವತ್ತು ಕಂತಿನ ನಲವತ್ತು ಬರಹದಲ್ಲಿ
ಬೆಂಟೆ ಎಲ್ಲಿಯೂ ಇಲ್ಲ.
ಅವಳ ಕೈಯ ಕಾಫಿ ಮಾತ್ರ ಒಂದು ಕಡೆ,
'ಹಬೆಯಾಡುತ್ತಿತ್ತು' ಎಂದು.

ಹೊರಗೆ ಕಡಲಿಗೆ ಮುಖಮಾಡಿ ಕೂತಿದ್ದಾರೆ
ಆ ಬಿಳಿಯ ದೈತ್ಯರು ನಾಲ್ವರು, ಒಂದೇ ಅಚ್ಚು,
ಮೊದಲು ಕೂತವನು ಯಾವನೆಂದು ಯಾವ ಹಡಗೂ ಕೇಳಿಲ್ಲ.

ಮಾಳಿಗೆಯಲ್ಲಿ ಏಣಿ ಎಳೆಯುವ ಸದ್ದು.
ಎದ್ದು ಅಡುಗೆಮನೆಗೆ ಹೋದೆ. ನನ್ನ ಒಲೆಯ ಹಿಂದೆ
ಬಗ್ಗಿ ನೋಡಿದೆ, ಯಾಕೋ.
ಧೂಳು. ಕಳೆದೇಹೋಯಿತೆಂದುಕೊಂಡಿದ್ದ ಒಂದು ಚಮಚ.