ಹತ್ತನೇ ಮಾತ್ರಿ

ಎಂ.ಮ್ಯೂಜಿಕ್ ಆಗಾಕ ಏನೇನ ಬೇಕು ಅಂತ
ನನ್ನ ಕೇಳ್ರಿ, ಆಫೀಸಿನ ಕ್ಲಾರ್ಕನ್ನ ಕೇಳಬ್ಯಾಡ್ರಿ.
ಧಾರವಾಡದ ಈ ಮಾಳಿಗಿ ಕೋಣ್ಯಾಗ
ಇಪ್ಪತ್ತಾರು ವರ್ಷದಿಂದ
ಬಂದವರ ಮಗ್ಗಲಕ್ಕ ತಬಲಾ ಇಟಗೊಂಡು ಕುಂತೇನಿ.

ಹಾಜರಿ ನೂರಕ್ಕ ಎಪ್ಪತ್ತೈದು.
ರಾಗ ಹತ್ತು ತಯಾರ ಇರಬೇಕು,
ಪರೀಕ್ಷಕರ ಬೆರಳು ಯಾವುದರ ಮ್ಯಾಲ ಬೀಳತೈತೋ ಅದು.
ಬಡಾ ಖ್ಯಾಲ ನಲವತ್ತು ನಿಮಿಷ,
ಒಂದು ಗಂಟಿ ಪಾಠ ಮಾಡಿ ತೋರಸೂದು,
ಪ್ರಬಂಧ ನಾಕು ಪ್ರತಿ, ಕರೀ ರೆಕ್ಸಿನ್, ಬಂಗಾರದ ಅಕ್ಷರ.
ಸುಭಾಸ ರೋಡಿನ ಬೈಂಡಿಂಗಿನವ ಒಮ್ಮೆ
ಬಂದಿಶ್ ಅನ್ನೂದನ್ನ ಬಂದೀಶ ಅಂತ ಹೊಡದ.
ಯಾರೋ ಸ್ವಾಮಿ ಹೆಸರಂತ ತಿಳಕೊಂಡ್ರೇನೋ, ಪಾಸಾತು.

ಪರೀಕ್ಷಾದಾಗ ಫ್ಯಾನ್ ಆರಸ್ತಾರ.
ಅದರ ಷಡ್ಜ ಯಾರ ಷಡ್ಜಕ್ಕೂ ಕೂಡೂದಿಲ್ಲ.
ಕಿಟಕಿ ಮುಚ್ಚತಾರ, ಸಿಟಿ ಬಸ್ಸಿನ ಹಾರ್ನಿಗೆ.
ಮೇ ತಿಂಗಳ ಮುಂಜಾನಿ ಹನ್ನೊಂದಕ್ಕ, ಬೆವರಿಳಿಸಿಗೋತ,
ಬಿಹಾಗ ಹಾಡು ಅಂತಾರ.
ರಾತ್ರಿನೂ ಹನ್ನೊಂದಕ್ಕ ಆಗತೈತಲ್ಲ,
ಟೈಮ್‌ಟೇಬಲ್ಲಿಗೆ ಅಷ್ಟ ಸಾಕು.

ಶಕುಂತಲಾ ಬಾರಕೇರ, ಶಿರಹಟ್ಟಿ ಕಡೆ ಸಾಲಿ ಟೀಚರ್,
ವಯಸ್ಸು ನಲವತ್ತೊಂದು,
ಬಿನ್‌ಪಗಾರಿ ರಜಾ ಹಾಕಿ ಎರಡು ವರ್ಷ ಓದ್ಯಾಳ.
ಹಿಂದಿನ ದಿನ ಅಕೀ ಪಾಠದ ಪರೀಕ್ಷಾ. ನಾನೂ ಹೋಗಿದ್ದೆ.
ಎಂಟನೇ ಇಯತ್ತೆ, ಭೂಪ, ಐದ ಸ್ವರ.
ಹಿಂದಿನ ಬೆಂಚಿನಾಗ ಒಬ್ಬ ಹುಡುಗ,
ಅವನ ಗಂಟಲಾಗ ಇಬ್ಬರು ಜಗಳಾಡತಿದ್ರು,
ಒಬ್ಬ ಸಣ್ಣವ, ಒಬ್ಬ ಮೀಸಿ ಬಂದವ.
ಎಲ್ಲಾರೂ ನಕ್ಕರು.
ಅಕೀ ಪುಸ್ತಕ ಮುಚ್ಚಿ, ಅವನ ಹತ್ತರ ಹೋಗಿ ಅಂದ್ಲು:
ಈಗ ತಾಳಾ ಹಾಕು. ವರ್ಷ ಬಿಟ್ಟು ಬಾ.
ದನಿ ಎಲ್ಲೂ ಹೋಗಿಲ್ಲ, ಮನೀ ಬದಲಿ ಮಾಡಾಕತ್ತೈತಿ.

ಅಷ್ಟೊತ್ತಿಗೆ ಗಂಟಿ ಬಾರಿಸ್ತು.
ಪಾಠ ಯೋಜನೆಯ ಕಡೀ ಕಾಲಂ ಖಾಲಿ ಉಳೀತು, ಮೌಲ್ಯಮಾಪನ.
ನಾಕು ಮಾರ್ಕ್ಸ್ ಹೋದುವು.

ನನಗೂ ಹದಿಮೂರಕ್ಕ ದನಿ ಒಡದಿತ್ತು.
ತಾಳಾ ಹಾಕು ಅಂದಿದ್ರು ನನ್ನ ಉಸ್ತಾದರೂ.
ವರ್ಷ ಬಿಟ್ಟು ಬಾ ಅನ್ನೂದು ಮರತ್ರು.

ಮರುದಿನ ಬಿಹಾಗ. ವಿಲಂಬಿತ ಏಕತಾಲ.
ಕರೀ ನಾಕಕ್ಕ ಬಿಗದಿದ್ದೆ.
ಹನ್ನೆರಡು ನಿಮಿಷ ನೀರಿನಂಗ ಹರೀತು.
ಆಮೇಲೆ ನಿಷಾದದ ಮ್ಯಾಲ ನಿಂತಾಕಿ
ಅಲ್ಲೇ ನಿಂತಬಿಟ್ಲು. ಎಷ್ಟು ಚಲೋ ನಿಂತಿದ್ಲಂದ್ರ
ತಾಳಾ ಎಲ್ಲೈತಿ ಅನ್ನೂದ ಮರತಿದ್ಲು.
ಏಳಾತು. ಎಂಟಾತು.
ಅಕೀ ಕಣ್ಣು ನನ್ನ ಕೈ ಹುಡುಕಿದುವು.
ಕಲಬುರ್ಗಿಯಿಂದ ಬಂದ ಪರೀಕ್ಷಕರು ಪೆನ್ನಿನ ಟೊಪಗಿ ತಗದ್ರು.

ಹತ್ತನೇ ಮಾತ್ರಿಯ ತಿರಕಿಟ ಐತಲ್ಲ,
ಅದನ್ನ ಒಂಚೂರು ಒತ್ತಿ ನುಡಿಸಿದೆ.
ಬಾಗಲಾ ತಟ್ಟಿದಂಗ ಅಲ್ಲ,
ಬಾಗಲದಾಗ ಯಾರೋ ಚಪ್ಪಲಿ ಬಿಟ್ಟಂಗ.
ಅಕೀಗೆ ತಿಳೀತು. ಮುಖಡಾ ಹಿಡದು ಇಳದ್ಲು,
ಸಮ್ಮಿಗೆ ಸರಿಯಾಗಿ.
ಪೆನ್ನಿಗೆ ಟೊಪಗಿ ಬಂತು.

ಹಂಗ ಮಾಡೂದು ಕಾಪಿ ಹೌದೋ ಅಲ್ಲೋ
ನಿಯಮಾವಳ್ಯಾಗ ಬರದಿಲ್ಲ. ನಾ ಹುಡುಕಿ ನೋಡೇನಿ.

ಸಂಜೀಮುಂದ ಗೌರವಧನದ ಫಾರ್ಮು ತುಂಬೂದು.
ಹೆಸರು: ದಾವಲಸಾಬ ಮುಳಗುಂದ.
ವಿದ್ಯಾರ್ಹತೆ: ಪ್ರತಿಸಲ ಅಲ್ಲೊಂದು ಗೆರೀ ಎಳೀತಿದ್ದೆ.
ಈ ಸಲ ಕ್ಲಾರ್ಕ ಅಂದ,
ಗೆರೀ ನಡಿಯೂದಿಲ್ರಿ ಸಾಹೇಬ್ರ, ಹೊಸಾ ಸರ್ಕ್ಯುಲರ್ ಬಂದೈತಿ,
ಮುಂದಿನ ವರ್ಷದಿಂದ ಸಾಥೀದಾರರಿಗೂ ಡಿಗ್ರಿ ಬೇಕು.
ಪಾಪ, ಅವನ ತಪ್ಪಲ್ಲ.
ಗಿರ್ಮಿಟ್ ಪೊಟ್ಟಣ ನನ್ನ ಕಡೆ ಸರಿಸಿದ.

ಫಾರ್ಮು ಇನ್ನೂ ಕಿಸೆದಾಗ ಐತಿ.
ಹೊರಗ ವರಾಂಡಾದಾಗ ಒಬ್ಬ ಹುಡುಗ ಕುಂತಾನ,
ನಾಳೆ ಮೊದಲನೇ ನಂಬರ್ ಅವಂದು,
ಕರೀ ಒಂದು ಅಂತ.
ಬ್ಯಾರೆ ದಾಯಾಂ ತಗದು
ಸುತ್ತಿಗಿ ಹುಡುಕಾಕತ್ತೇನಿ.