ತೊಂಬತ್ತು ಸೆಕೆಂಡು

ಸಿಯಾಲ್‌ಕೋಟಿನಲ್ಲಿ ಈ ನೋವಿಗೆ ಇರ್ಕುನ್ನಿಸಾ ಎನ್ನುತ್ತಾರೆ.
ಹೆಂಗಸರ ನರ ಎಂದೇ ಎಲ್ಲರ ತಿಳಿವಳಿಕೆ.
ಅಲ್ಲ, ಅದು ಬೇರೆ ಶಬ್ದ ಎಂದು
ಕಾಲೇಜಿನಲ್ಲಿ ನಮ್ಮನ್ನು ತಿದ್ದಿದ್ದರು.
ಹೊರಗೆ ಬೆಂಚಿನ ಮೇಲೆ ನಲವತ್ತು ಹೆಂಗಸರು,
ಕೂತಿದ್ದಾರೆ ಎನ್ನಲಾರೆ,
ಒಂದೊಂದು ಕುಂಡೆಯ ಮೇಲೆ ವಾಲಿದ್ದಾರೆ.

ಎಲ್ಲರೂ ಫುಟ್‌ಬಾಲ್ ಹೊಲಿಯುವವರು.
ಗೇಣುದ್ದದ ಮಣೆ, ಮೊಣಕಾಲ ನಡುವೆ ಮರದ ಇಕ್ಕಳ,
ಎರಡು ಸೂಜಿ, ಮೇಣದ ದಾರ,
ಮೂವತ್ತೆರಡು ತುಂಡು ಸೇರಿ ಗುಂಡಗಾಗುವ ತನಕ ಏಳುವಂತಿಲ್ಲ.
ಆಳದಲ್ಲೆಲ್ಲೋ ನಾಶಪಾತಿಯಂಥ ಒಂದು ಸ್ನಾಯು
ಗಂಟುಗಟ್ಟಿ, ತನ್ನಡಿ ಹಾಯುವ ನರವನ್ನು
ಹಿಮ್ಮಡಿವರೆಗೂ ಜಗಿಯುತ್ತದೆ.

ನನ್ನ ಪ್ರಬಂಧಕ್ಕೆ ಎರಡು ಗುಂಪು ಬೇಕಿತ್ತು.
ಬಿಸ್ಕತ್ ಡಬ್ಬಿಯಲ್ಲಿ ಚೀಟಿ ಹಾಕಿ ಕುಲುಕಿದೆ.
ಶಗುಫ್ತಾಳಿಗೆ ಅಲಿಫ್ ಬಂತು,
ಅವಳ ಓರಗಿತ್ತಿ ಕನೀಜ್‌ಗೆ ಬೇ.

ಅಲಿಫ್ ಎಂದರೆ, ಮೊಣಕಾಲು ಮಡಚಿಸಿ ಅಂಗೈ ಒಡ್ಡಿ
ತಳ್ಳು ನನ್ನನ್ನು, ಎನ್ನುತ್ತೇನೆ,
ಪೂರ್ತಿ ಬೇಡ, ಕಾಲುಪಾಲು ಬಲ,
ಆರು ಎಣಿಸಿ ಸಡಿಲಬಿಡು. ಉಸಿರು. ಮತ್ತೆ.
ಮೊದಲ ದಿನ ಅವಳು ತಳ್ಳಲೇ ಇಲ್ಲ.
ಮೂರನೆಯ ದಿನ ನಾನು ಹೋಗಿ ಗೋಡೆಗೆ ಬಡಿದೆ.
ದುಪಟ್ಟಾ ಬಾಯಿಗೊತ್ತಿ ನಕ್ಕಳು:
"ಇನ್ನೊಂದು ಸಲ, ಬಾಜಿ?"

ಬೇ ಎಂದರೆ, ನೋಯುವ ಬಿಂದು ಹುಡುಕಿ
ಕಾಲನ್ನು ಅದರ ಕಡೆಗೇ ಮಡಚಿ ತಂದು
ನೋವು ಸುಮ್ಮನಾಗುವಲ್ಲಿ ಹಿಡಿದು ನಿಲ್ಲುವುದು.
ತೊಂಬತ್ತು ಸೆಕೆಂಡು.
ನಾನೇನು ಮಾಡಲಿ? ಕೇಳಿದಳು ಕನೀಜ್.
ಏನೂ ಬೇಡ.
ಏನೂ?
ಕಾಲಿನ ಭಾರ ನನ್ನ ಕೈಗೆ ಬಿಡಲು
ಅವಳಿಗೆ ಒಂದು ವಾರ ಹಿಡಿಯಿತು.
ಬಿಟ್ಟ ದಿನ, ಅರವತ್ತು ಎಣಿಸುವಷ್ಟರಲ್ಲಿ ಗೊರಕೆ.

ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು?
ಈ ಪ್ರಶ್ನೆಗೆ ಮಾತ್ರ ಇಬ್ಬರೂ ಮುಖ ಮುಖ ನೋಡುತ್ತಾರೆ.
ಅವಳು ಏಳೆಂದರೆ ಇವಳೂ ಏಳು.
ಅತ್ತೆ ಜೊತೆಗೆ ಬಂದ ದಿನ ಇಬ್ಬರಿಗೂ ಎರಡು.

ನಾಲ್ಕು ವಾರದ ಮೇಲೆ ಲೆಕ್ಕ ಹಾಕಿದೆ.
ಎರಡರಲ್ಲೂ ನೋವು ಇಳಿದಿದೆ, ಗಣನೀಯ ವ್ಯತ್ಯಾಸ ಕಾಣುವುದಿಲ್ಲ.
ಹಾಗೆಯೇ ಬರೆದು ಸಹಿ ಹಾಕಿಸಿದೆ.

ಚೀಟಿ ಬದಲಿಸಿಕೊಳ್ಳಬಹುದಾ ಎಂದು ಕೇಳಿದ್ದರು, ಕೊನೆಯ ದಿನ.
ನಿಯಮದಲ್ಲಿಲ್ಲ, ಎಂದಿದ್ದೆ.
ಬೀಗ ಹಾಕಿ ಬರುವಾಗ, ಖಾಲಿ ಬೆಂಚಿನ ಮೇಲೆ ಶಗುಫ್ತಾ ಮಲಗಿದ್ದಳು,
ಅವಳ ಕಾಲು ಕನೀಜ್‌ಳ ತೋಳಲ್ಲಿ.
ಹೊಲಿಗೆ ಎಣಿಸುವ ದನಿಯಲ್ಲೇ
ಎಪ್ಪತ್ತೊಂದು, ಎಪ್ಪತ್ತೆರಡು...
ಗೇಟಿನಾಚೆ ಚಿಂಗ್ಚಿಯವನು
ಹಾರ್ನ್ ಒತ್ತುತ್ತಲೇ ಇದ್ದ.