ಜಗಲಿಗೆ ಬಂದ ಬೆಳಕು

ಕೂದಲ ದಪ್ಪದಷ್ಟೂ ಇಲ್ಲದ ಉಂಗುರ,
ಸಿಲಿಕಾನಿನದು. ಒಳಗೆ ಬೆಳಕು
ಗಾಣದ ಎತ್ತಿನ ಹಾಗೆ ಸುತ್ತುತ್ತದೆ.
ಹೊರಗೋಡೆಗೆ ಏನಾದರೂ ಅಂಟಿದರೆ
ಕಣ್ಣಿಗೆ ಕಾಣದ ಅದರ ಬಣ್ಣ ಒಂದಿಷ್ಟು ಸರಿಯುತ್ತದೆ.
ಎಷ್ಟು ಎಂದು ಕೇಳಬೇಡಿ.
ಎರಡು ವರ್ಷದಿಂದ ನಮ್ಮ ಗೋಳೇ ಅದು.

ಮೊದಲ ವರ್ಷ ಬೆಳಕನ್ನು ಭದ್ರವಾಗಿ ಕೂಡಿಟ್ಟೆವು:
ಅಗಲ ದಾರಿ, ನುಣುಪು ಗೋಡೆ, ಒಂದು ಹನಿ ಚೆಲ್ಲದಂತೆ.
ಚೆನ್ನಾಗಿ ಸುತ್ತಿತು. ಏನನ್ನೂ ಕಾಣಲಿಲ್ಲ.
ನಡುಮನೆಯಲ್ಲಿ ಬಾಗಿಲು ಹಾಕಿ ಕೂತವರಿಗೆ
ಬೀದಿಯಲ್ಲಿ ಹೋದವರು ಯಾರೆಂದು ಹೇಗೆ ತಿಳಿಯಬೇಕು?
ದಾರಿಯನ್ನು ಕಿರಿದು ಮಾಡಿದೆವು.
ಬೆಳಕು ಹೊಸಿಲು ದಾಟಿ ಜಗಲಿಗೆ ಬಂದು ಕೂತಿತು,
ಹೋಗಿಬರುವವರ ಮೈ ಸವರಿತು.
ಇನ್ನೂ ಕಿರಿದು ಮಾಡಿದ ದಿನ
ಜಗಲಿಯಿಂದಲೂ ಇಳಿದು ನಡೆಯಿತು,
ಸುತ್ತು ಮುಗಿಸಲು ವಾಪಸು ಬರಲಿಲ್ಲ.
ರಿಜ್ವಾನಾ ಹೇಳಿದಳು: ಹತ್ತು ನ್ಯಾನೋಮೀಟರ್ ಹಿಂದೆ ಹೋಗೋಣ.

ಆಮೇಲೆ ಗದ್ದಲ.
ಫ್ಯಾನ್ ತಿರುಗಿದರೆ ಗೆರೆ ಕುಣಿಯುತ್ತದೆ,
ಸಾಗರ ರಸ್ತೆಯಲ್ಲಿ ಮರಳಿನ ಲಾರಿ ಹೋದರೆ ಕುಣಿಯುತ್ತದೆ,
ಕರೆಂಟು ಹೋಗಿ ಬಂದರೆ ಅರ್ಧ ಗಂಟೆ,
ನಾನು ಬಗ್ಗಿ ಉಸಿರಾಡಿದರೂ.
ಆ ಕುಣಿತದೊಳಗೆ ವೈರಾಣುವಿನ ಒಂದು ತುಣುಕು ಅಂಟಿದ್ದು
ಸಂತೆಯಲ್ಲಿ ಸಾಸಿವೆ ಬಿದ್ದ ಸದ್ದು.

ಅಮ್ಮನ ಓಲೆ ತಗೊಂಡು ಗಾಂಧಿ ಬಜಾರಿಗೆ ಹೋದಾಗ
ಪಾಂಡುರಂಗ ಶೇಟರು ತೂಗುವ ಮೊದಲು ಫ್ಯಾನ್ ಆರಿಸಿದರು.
ಆಮೇಲೆ ಬರಿ ತಟ್ಟೆಗಳನ್ನೇ ತೂಗಿದರು.
"ಏನೂ ಇಲ್ಲದ್ದು ಎಷ್ಟು ತೂಗ್ತದೆ ಅಂತ
ಮೊದ್ಲು ಗೊತ್ತಿರ್ಬೇಕು, ಮಗಾ."
ಓಲೆ ಎರಡು ಗುಲಗಂಜಿ ಸವೆದಿತ್ತು.
ನಾನೇನು ಲ್ಯಾಬಿಗೆ ಓಡಿ ಬರಲಿಲ್ಲ, ದೋಸೆ ತಿಂದು ಬಂದೆ.
ಆದರೆ ಮುಂದಿನ ಚಿಪ್‌ನಲ್ಲಿ ಎರಡು ಉಂಗುರ.
ಒಂದರ ಮೈಗೆ ಪ್ರತಿಕಾಯ ಸವರಿದ್ದೇವೆ,
ಇನ್ನೊಂದು ಬರಿ ತಟ್ಟೆ.
ಲಾರಿ ಬಂದರೆ ಎರಡೂ ಕುಣಿಯುತ್ತವೆ.
ಒಂದರಿಂದ ಒಂದು ಕಳೆದರೆ ಲಾರಿ ಇಲ್ಲ.

ಮಾರ್ಚ್, ಮಂಗಗಳು ಸಾಯುವ ತಿಂಗಳು.
ಸೊರಬದ ಕಡೆಯ ಗುತ್ಯಮ್ಮ, ನಲವತ್ತಾರು,
ದರಗು ಗುಡಿಸಲು ಕಾಡಿಗೆ ಹೋದವಳು,
ಉಣುಗಿಗೆಂದು ಕೊಟ್ಟ ಎಣ್ಣೆಯನ್ನು ವಾಸನೆ ಅಂತ ಹಚ್ಚದೆ.
ಜ್ವರದ ಎರಡನೇ ದಿನದ ಸೀರಂ,
ವೈರಾಣು ಸಾಯಿಸಿದ್ದು, ಮಂಜುಗಡ್ಡೆಯಲ್ಲಿ ಬಂತು.
ಗೆರೆ ಹದಿಮೂರು ಪಿಕೋಮೀಟರ್ ಸರಿಯಿತು.
ನಂಬಲಿಲ್ಲ. ತೊಳೆದೆವು. ಮತ್ತೆ ತೊಳೆದೆವು.
ಸೀರೆಗೆ ಬಿದ್ದ ಗೇರಿನ ಕಲೆಯಂತೆ
ಹನ್ನೊಂದು ಅಲ್ಲೇ ಉಳಿಯಿತು.

ನಮ್ಮ ಅಂಕಿ ಇನ್ನೂ ಯಾವ ರಿಜಿಸ್ಟರಿಗೂ ಸಲ್ಲದು.
ಆದರೂ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ:
ದೊಡ್ಡ ಲ್ಯಾಬಿಗೆ ಇನ್ನೊಂದು ಸಲ ರಕ್ತ ಕಳಿಸಿ.
"ಮಾತ್ರೆಗೆ ಜ್ವರ ಇಳದೈತೆ ಮೇಡಂ, ಸೊಪ್ಪಿಗೆ ಹೋಗ್ಯಾರೆ."

ಇದಕ್ಕೆ ಮದ್ದಿಲ್ಲ, ಗೊತ್ತು.
ಹಾಸಿಗೆ ಇದೆ, ಸಲೈನ್ ಇದೆ,
ಮೂಗಿನಲ್ಲಿ ರಕ್ತ ಬರುವ ಮೊದಲಿನ ನಾಲ್ಕು ದಿನ ಇದೆ.
ಕಾಡಿನ ಯಾವ ಕಡೆಗೆ ಎಂದು ಕೇಳಿದೆ.
ಸಿಗ್ನಲ್ ಹೋಯಿತು.
ರಿಜ್ವಾನಾ ಎದ್ದು, ಯಾಕೋ, ಫ್ಯಾನ್ ಆರಿಸಿದಳು.
ನಾನು ಅದೇ ನಂಬರನ್ನು ಮತ್ತೆ ಒತ್ತಿದೆ.